ಸೂತಕದ ಲೆಕ್ಕ

ಗೌರಿಬಿದನೂರು, 24 ಏಪ್ರಿಲ್ 2025, ಗುರುವಾರ

ಬೆಳಿಗ್ಗೆ ಪಕ್ಕದ ಮನೆಯಿಂದ ಭಜನೆಯ ತಾಳ ಕೇಳಿಸಿದಾಗಲೇ ಸತ್ಯಸಾಯಿಬಾಬಾ ಅವರು ತೀರಿಕೊಂಡು ಇಂದಿಗೆ ಹದಿನಾಲ್ಕು ವರ್ಷವಾಯಿತೆಂಬುದು ನೆನಪಾಯಿತು. 2011ರ ಇದೇ ತಾರೀಖು, ಭಾನುವಾರ, ಟಿವಿಯಲ್ಲಿ ಸುದ್ದಿ ಬರುತ್ತಿದ್ದಾಗ ನಾನು ಕಾಂಪೌಂಡಿನ ಆಚೆ ನಿಂತಿದ್ದ ನೆರೆಯವರಿಗೆ ಕೇಳಿಸಲೆಂದೇ, "ತೊಂಬತ್ತಾರು ವರ್ಷ ಇರುತ್ತೇನೆ ಎಂದವರು ಎಂಬತ್ತನಾಲ್ಕಕ್ಕೇ ಹೊರಟರಲ್ಲ!" ಎಂದಿದ್ದೆ. ಅವರು ಉತ್ತರ ಕೊಡಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅವರ ತಾಯಿಗೆ ಪುಟ್ಟಪರ್ತಿಯ ಆಸ್ಪತ್ರೆಯಲ್ಲಿ ಒಂದು ಪೈಸೆಯನ್ನೂ ಕೇಳದೆ ಹೃದಯದ ಶಸ್ತ್ರಚಿಕಿತ್ಸೆ ಮಾಡಿದ್ದರೆಂಬುದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ.

ನಾನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಅದು ಪ್ರಶ್ನೆಯೂ ಆಗಿರಲಿಲ್ಲ, ಬರೀ ಚುಚ್ಚುಮಾತಾಗಿತ್ತು. ನಮ್ಮದೇ ತಾಲ್ಲೂಕಿನ ಹೊಸೂರಿನವರಾದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳ ಪರಿಶೀಲನೆಗೆ ಸಮಿತಿಯೊಂದನ್ನು ರಚಿಸಿ, ತಮ್ಮ ಪವಾಡಗಳನ್ನು ಸಮಿತಿಯ ಮುಂದೆ ಮಾಡಿ ತೋರಿಸಬೇಕೆಂದು ಬಾಬಾ ಅವರಿಗೆ ಮೂರು ಪತ್ರಗಳನ್ನು ಬರೆದರು, ಉತ್ತರ ಬರಲಿಲ್ಲ. ಬಾಬಾ ಬದುಕಿದ್ದರು, ಬಲಿಷ್ಠರಾಗಿದ್ದರು, ಅಧಿಕಾರದಲ್ಲಿದ್ದವರೇ ಅವರ ಕಾಲಿಗೆರಗುತ್ತಿದ್ದ ಕಾಲವದು. ನಾನಾದರೋ ಅವರು ಉತ್ತರಿಸಲಾಗದ ದಿನಕ್ಕಾಗಿ ಕಾದಿದ್ದವನಂತೆ ಬಾಯಿ ತೆರೆದಿದ್ದೆ.

ಹಾಗೆಂದು ಸತ್ತವರ ವಿಷಯದಲ್ಲಿ ಒಳ್ಳೆಯದನ್ನಷ್ಟೇ ಆಡಬೇಕೆನ್ನುವ ಹಿರಿಯರ ಮಾತನ್ನು ಪೂರ್ತಿಯಾಗಿ ಒಪ್ಪಲಾರೆ. ಬೀದಿಯ ಕೊನೆಯ ಮನೆಯ ಅಜ್ಜ ಸತ್ತರೆ ಆತನ ಸಿಡುಕನ್ನು ಮರೆಯುವುದು ಸರಿಯೇ. ಲಕ್ಷಾಂತರ ಜನ ದೇವರೆಂದು ನಂಬಿದ, ಸರ್ಕಾರಿ ಗೌರವದೊಂದಿಗೆ ಸಮಾಧಿಯಾದ, ಜಿಲ್ಲೆಯೊಂದಕ್ಕೇ ಹೆಸರಾದ ವ್ಯಕ್ತಿಗೆ ಅದೇ ಮರೆವನ್ನು ಕೊಟ್ಟರೆ ಅದು ಮರೆವಾಗುವುದಿಲ್ಲ, ತೀರ್ಪಾಗುತ್ತದೆ. ನಮ್ಮ ಭಾಷೆಯೇ ಈ ವಿಷಯದಲ್ಲಿ ಪಕ್ಷ ವಹಿಸುತ್ತದೆ: ಉಳಿದವರು ಸಾಯುತ್ತಾರೆ, ಗುರುಗಳು ಲಿಂಗೈಕ್ಯರೋ ಬೃಂದಾವನಸ್ಥರೋ ಆಗುತ್ತಾರೆ, ಇಲ್ಲವೇ ಮಹಾಸಮಾಧಿ ಹೊಂದುತ್ತಾರೆ. ಮೋಕ್ಷ ಸಿಕ್ಕಿತೆಂದು ಶ್ರದ್ಧಾಂಜಲಿಯ ಮೊದಲ ಸಾಲಿನಲ್ಲೇ ಒಪ್ಪಿಕೊಂಡ ಮೇಲೆ ಎರಡನೆಯ ಸಾಲಿನಲ್ಲಿ ಇನ್ನೇನನ್ನು ಕೇಳಲಾದೀತು?

ಕೇಳಬೇಕಾದದ್ದಂತೂ ಇತ್ತು. 1993ರ ಜೂನ್‌ನಲ್ಲಿ ಅವರ ನಿವಾಸದಲ್ಲೇ ಅವರ ಇಬ್ಬರು ಸಹಾಯಕರು ಕೊಲೆಯಾದರು, ದಾಳಿಗೆ ಬಂದಿದ್ದ ನಾಲ್ವರು ಪೊಲೀಸರ ಗುಂಡಿಗೆ ಬಲಿಯಾದರು. ಕೆಲವು ಹಳೆಯ ಶಿಷ್ಯರು ಲೈಂಗಿಕ ಕಿರುಕುಳದ ಆರೋಪ ಮಾಡಿದ್ದರು; ಬಾಬಾ ಅವರೂ ಆಶ್ರಮದವರೂ ಅದನ್ನು ಅಲ್ಲಗಳೆದಿದ್ದರು, ಯಾವ ನ್ಯಾಯಾಲಯದಲ್ಲೂ ಅದು ಸಾಬೀತಾಗಲಿಲ್ಲ. ಸಾಬೀತಾಗದ್ದನ್ನು ಸಾಬೀತಾಯಿತೆಂಬಂತೆ ಸಮಾಧಿಯ ಮುಂದೆ ಕೂಗುವುದು ಅನ್ಯಾಯ. ಆದರೆ ಸಾವಿನ ಗೌರವದ ಹೆಸರಿನಲ್ಲಿ, ನೊಂದೆವೆಂದು ಹೇಳಿದವರ ಬಾಯಿಗೂ ಬೀಗ ಹಾಕುವುದು ಅದಕ್ಕಿಂತ ಸಣ್ಣ ಅನ್ಯಾಯವೇನಲ್ಲ. ಕೆಲವು ವಿಷಯಗಳು ಹೊರಬರುವುದೇ ಸಾವಿನ ನಂತರ. ಅವರು ವಾಸವಿದ್ದ ಯಜುರ್ ಮಂದಿರದ ಬಾಗಿಲನ್ನು 2011ರ ಜೂನ್‌ನಲ್ಲಿ ತೆರೆದಾಗ 98 ಕಿಲೋ ಚಿನ್ನ, 307 ಕಿಲೋ ಬೆಳ್ಳಿ, ಹನ್ನೊಂದು ಕೋಟಿಗೂ ಹೆಚ್ಚು ನಗದು ಸಿಕ್ಕಿತು. ಅದನ್ನು ಅವರು ಬದುಕಿದ್ದಾಗ ಕೇಳಬಹುದಿತ್ತಲ್ಲ ಎನ್ನುವಂತಿಲ್ಲ. ಅನಂತಪುರದ ನೂರಾರು ಹಳ್ಳಿಗಳಿಗೆ ಕುಡಿಯುವ ನೀರು ಕೊಟ್ಟದ್ದೂ ಅವರ ಸಂಸ್ಥೆಯೇ. ಒಂದು ಸಂಗತಿ ಇನ್ನೊಂದನ್ನು ಅಳಿಸುವುದಿಲ್ಲ.

ಸೂತಕಕ್ಕೂ ಒಂದು ಲೆಕ್ಕವಿದೆ. ಹನ್ನೊಂದೋ ಹದಿಮೂರೋ ದಿನ ಕಳೆದ ಮೇಲೆ ಮನೆ ತೊಳೆದು ಒಲೆ ಹಚ್ಚುತ್ತಾರೆ, ಆಸ್ತಿಯ ಮಾತೂ ಆರಂಭವಾಗುತ್ತದೆ. ನಾನು ಆ ದಿನಗಳನ್ನೂ ಕಾಯಲಿಲ್ಲ, ಅವು ಕಳೆದ ಮೇಲೆ ಆಡಬೇಕಾದದ್ದನ್ನೂ ಆಡಲಿಲ್ಲ.

ಸಂಜೆ ನೆರೆಯವರು ಪ್ರಸಾದ ತಂದುಕೊಟ್ಟರು. ಎಷ್ಟೋ ವರ್ಷಗಳಿಂದ ನಾಲಗೆಯ ತುದಿಯಲ್ಲಿದ್ದದ್ದನ್ನು ಇವತ್ತು ಹೇಳಿಯೇಬಿಟ್ಟೆ: ಆ ದಿನದ ನನ್ನ ಮಾತು ತಪ್ಪಾಯಿತೆಂದು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಹೋಗಲಿ ಬಿಡಿ, ಮೇಷ್ಟ್ರೇ. ಚಿನ್ನದ ಸುದ್ದಿ ಪೇಪರಿನಲ್ಲಿ ಬಂದಾಗ ನನಗೂ ನಿದ್ದೆ ಬಂದಿರಲಿಲ್ಲ. ನೀವು ಬಂದು ಕೇಳುತ್ತೀರಿ, ಯಾರ ಹತ್ತಿರವಾದರೂ ಮಾತಾಡಿದಂತಾಗುತ್ತದೆ ಎಂದುಕೊಂಡಿದ್ದೆ. ನೀವು ಬರಲೇ ಇಲ್ಲ" ಎಂದರು.