‘ಅವರು ಒಪ್ಪಿಯೇ ಹೋಗಿದ್ದರಲ್ಲವೇ?’ ಎಂಬ ಪ್ರಶ್ನೆಗೆ ನನ್ನ ಉತ್ತರ

ಆಫ್ರಿಕಾದ ಜನರನ್ನು ಯುರೋಪು ಮತ್ತು ಅಮೆರಿಕದ ನಗರಗಳಲ್ಲಿ ಟಿಕೆಟ್ ಇಟ್ಟು ಪ್ರದರ್ಶಿಸುತ್ತಿದ್ದ ಕಾಲದ ಬಗ್ಗೆ ಮಾತು ಬಂದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಒಂದೇ: ಅವರಲ್ಲಿ ಅನೇಕರು ಕರಾರಿಗೆ ಒಪ್ಪಿ, ಕೂಲಿ ಪಡೆದು ಹೋದವರಲ್ಲವೇ, ಹಾಗಿದ್ದ ಮೇಲೆ ಅದನ್ನು ಅನ್ಯಾಯವೆಂದು ಹೇಗೆ ಕರೆಯುತ್ತೀರಿ? ಕೇಳುವವರಲ್ಲಿ ಹೆಚ್ಚಿನವರದು ಕುಹಕವಲ್ಲ, ಆದ್ದರಿಂದ ಉತ್ತರವನ್ನೂ ಸಾವಧಾನವಾಗಿಯೇ ಕೊಡಬೇಕು. ಕರಾರುಗಳು ಇದ್ದದ್ದು ನಿಜ. ಆದರೆ ಬರುವಾಗ ಒಪ್ಪಿದ್ದರೇ ಎಂಬುದಕ್ಕಿಂತ, ಬೇಡವೆನಿಸಿದ ದಿನ ಬಿಟ್ಟು ಹೋಗಲು ಅವರಿಗೆ ದಾರಿಯಿತ್ತೇ ಎಂಬುದನ್ನು ಮೊದಲು ನೋಡಬೇಕೆಂಬುದು ನನ್ನ ನಿಲುವು.

ಇದೇ ಪ್ರಶ್ನೆ ಒಮ್ಮೆ ನ್ಯಾಯಾಲಯದ ಮೆಟ್ಟಿಲನ್ನೂ ಏರಿತ್ತು. ದಕ್ಷಿಣ ಆಫ್ರಿಕಾದ ಖೋಯ್‌ಖೋಯ್ ಸಮುದಾಯದ ಸಾರಾ ಬಾರ್ಟ್‌ಮನ್ ಕೇಪ್‌ಟೌನಿನಲ್ಲಿ ಮನೆಗೆಲಸಕ್ಕಿದ್ದಳು. 1810ರಲ್ಲಿ ಹೆಂಡ್ರಿಕ್ ಸೆಸಾರ್ಸ್ ಎಂಬವನೂ ಅಲೆಕ್ಸಾಂಡರ್ ಡನ್‌ಲಪ್ ಎಂಬ ಸೇನಾ ವೈದ್ಯನೂ ಸೇರಿ ಆಕೆಯನ್ನು ಲಂಡನ್ನಿಗೆ ಕರೆದೊಯ್ದು, ಪಿಕಡಿಲಿ ಬೀದಿಯಲ್ಲಿ ತಲೆಗೆ ಎರಡು ಶಿಲಿಂಗ್ ದರ ಇಟ್ಟು ಪ್ರದರ್ಶನಕ್ಕೆ ನಿಲ್ಲಿಸಿದರು. ಮೈಗೆ ಅಂಟಿಕೊಳ್ಳುವ, ಚರ್ಮದ ಬಣ್ಣದ ಉಡುಪು ತೊಡಿಸಿ ಎತ್ತರದ ವೇದಿಕೆಯ ಮೇಲೆ ನಿಲ್ಲಿಸಿದ್ದ ಆಕೆಯ ಸುತ್ತ ನೆರೆದವರು ಮುಖ್ಯವಾಗಿ ನೋಡಲು ಬಂದದ್ದು ಆಕೆಯ ನಿತಂಬವನ್ನು. ಒಬ್ಬಾಕೆ ಕೈಚಿವುಟಿ ನೋಡಿದಳು, ಒಬ್ಬ ಮಹನೀಯ ಬೆತ್ತದಿಂದ ತಿವಿದ, ಇನ್ನೊಬ್ಬಾಕೆ ತನ್ನ ಕೊಡೆಯ ತುದಿಯಿಂದ ಒತ್ತಿ ಪರೀಕ್ಷಿಸಿದಳು.

ಗುಲಾಮರ ವ್ಯಾಪಾರವನ್ನು ಬ್ರಿಟನ್ ನಿಷೇಧಿಸಿ ಆಗಷ್ಟೇ ಮೂರು ವರ್ಷವಾಗಿತ್ತು. ಆ ನಿಷೇಧಕ್ಕಾಗಿ ಹೋರಾಡಿದ ಚಳವಳಿಯ ಪ್ರಮುಖರಲ್ಲೊಬ್ಬನಾದ ಜಕಾರಿ ಮೆಕಾಲೆ (ನಮ್ಮ ದೇಶದ ಶಿಕ್ಷಣದ ಚರ್ಚೆಯಲ್ಲಿ ಇಂದಿಗೂ ಹೆಸರು ಕೇಳಿಬರುವ ಥಾಮಸ್ ಮೆಕಾಲೆಯ ತಂದೆ ಈತ) ಮತ್ತು ಅವನ ಸಂಗಡಿಗರು ನವೆಂಬರ್ 1810ರಲ್ಲಿ ಈ ಮಹಿಳೆಯನ್ನು ಬಂಧನದಿಂದ ಬಿಡಿಸಬೇಕೆಂದು ಕಿಂಗ್ಸ್ ಬೆಂಚ್ ನ್ಯಾಯಾಲಯದ ಮೊರೆಹೊಕ್ಕರು. ವೇದಿಕೆಯ ಮೇಲಿನ ಪಂಜರದೊಳಗಿನಿಂದ ಹೊರಬರಲು ಆಕೆ ಒಮ್ಮೆ ಹಿಂಜರಿದಾಗ ಮೇಲ್ವಿಚಾರಕನು ಪರದೆಯನ್ನು ಇಳಿಸಿ, ಅದರ ಹಿಂದೆ ಹೋಗಿ, ಬೆದರಿಸುವಂತೆ ಕೈಯೆತ್ತಿದ್ದನ್ನೂ, ಬಳಿಕ ಆಕೆ ಅವನ ಕರೆಗೆ ಓಗೊಟ್ಟು ತಲೆಬಾಗಿ ಬಂದದ್ದನ್ನೂ ಕಣ್ಣಾರೆ ಕಂಡವರ ಹೇಳಿಕೆ ಉಳಿದುಬಂದಿದೆ. ಪ್ರತಿವಾದಿಗಳು ಒಂದು ಕರಾರುಪತ್ರವನ್ನು ಮುಂದಿಟ್ಟರು. ಡಚ್ ಭಾಷೆಯಲ್ಲಿ ಸುಮಾರು ಮೂರು ತಾಸು ಆಕೆಯನ್ನು ವಿಚಾರಿಸಲಾಯಿತು. ತಾನು ಸ್ವಇಚ್ಛೆಯಿಂದ ಬಂದೆ, ಲಾಭದಲ್ಲಿ ಅರ್ಧ ಪಾಲಿನ ಮಾತಾಗಿದೆ, ದೂರೇನಿಲ್ಲ, ಬೆಚ್ಚಗಿನ ಬಟ್ಟೆ ಸಿಕ್ಕರೆ ಸಾಕು ಎಂದು ಆಕೆ ಹೇಳಿದಳೆಂದು ದಾಖಲಾಯಿತು. ಮೊಕದ್ದಮೆ ಬಿದ್ದುಹೋಯಿತು.

‘ಒಪ್ಪಿದ್ದಳಲ್ಲ’ ಎನ್ನುವವರು ನಿಲ್ಲುವುದು ಇಲ್ಲಿ. ಸ್ವಂತ ಊರಿನಿಂದ ಸಾವಿರಾರು ಮೈಲಿ ದೂರದಲ್ಲಿ, ಪರಿಚಯದ ಒಂದು ಮುಖವೂ ಇಲ್ಲದ ನಗರದಲ್ಲಿ, ಊಟ ವಸತಿಗಳಿಗೆಲ್ಲ ಅದೇ ಯಜಮಾನರನ್ನೇ ನೆಚ್ಚಿಕೊಂಡಿದ್ದ ಹೆಣ್ಣುಮಗಳು ಬೇರೆ ಏನನ್ನು ಹೇಳಬಲ್ಲವಳಾಗಿದ್ದಳು ಎಂದು ನಾನು ಅವರನ್ನು ಕೇಳುತ್ತೇನೆ. ಮುಂದಿನದೂ ಮುಖ್ಯ. 1814ರಲ್ಲಿ ಆಕೆಯನ್ನು ಪ್ಯಾರಿಸ್ಸಿಗೆ ಒಯ್ದರು, ಅಲ್ಲಿ ಆಕೆ ಪ್ರಾಣಿಗಳನ್ನು ಪ್ರದರ್ಶಿಸುತ್ತಿದ್ದವನೊಬ್ಬನ ಕೈಸೇರಿದಳು. 1815ರ ವಸಂತದಲ್ಲಿ ಅಲ್ಲಿನ ವಿಜ್ಞಾನಿಗಳು ಬೆತ್ತಲಾಗಿ ನಿಲ್ಲುವಂತೆ ಕೇಳಿದಾಗ ಆಕೆ ಕರವಸ್ತ್ರದಿಂದ ತನ್ನ ಗುಪ್ತಾಂಗವನ್ನು ಮುಚ್ಚಿಕೊಂಡು ಪಟ್ಟು ಹಿಡಿದಳು. ಒಪ್ಪಿಗೆಯ ಬಗ್ಗೆ ಆಕೆ ಕೊಟ್ಟ ಇಷ್ಟು ಸ್ಪಷ್ಟವಾದ ಉತ್ತರವನ್ನು ಲಂಡನ್ನಿನ ಯಾವ ದಾಖಲೆಯಲ್ಲೂ ನಾನು ಕಾಣೆ. ಅದೇ ವರ್ಷದ ಕೊನೆಗೆ ಆಕೆ ತೀರಿಕೊಂಡಾಗ ಆ ವಿಜ್ಞಾನಿಗಳಲ್ಲೊಬ್ಬನಾದ ಜಾರ್ಜ್ ಕುವಿಯೆ ಆ ದೇಹವನ್ನು ಛೇದಿಸಿ, ಜೀವಂತವಿದ್ದಾಗ ತೋರಿಸಲು ಆಕೆ ನಿರಾಕರಿಸಿದ್ದ ಭಾಗವನ್ನೇ ಮೆದುಳಿನೊಂದಿಗೆ ಜಾಡಿಗಳಲ್ಲಿ ಕಾಪಿಟ್ಟ. ಆಕೆ ಡಚ್ ಭಾಷೆಯನ್ನು ತಕ್ಕಮಟ್ಟಿಗೆ ಆಡುತ್ತಿದ್ದಳು, ನೆನಪಿನ ಶಕ್ತಿ ಉತ್ತಮವಾಗಿತ್ತು ಎಂದು ಬರೆದ ಅದೇ ವಿಜ್ಞಾನಿ, ಆಕೆಯ ಚಲನವಲನವನ್ನು ಮಂಗನಿಗೆ ಹೋಲಿಸಿದ. ಅಸ್ಥಿಪಂಜರ ಪ್ಯಾರಿಸ್ಸಿನ ವಸ್ತುಸಂಗ್ರಹಾಲಯದಲ್ಲಿ 1970ರ ದಶಕದವರೆಗೂ ಪ್ರದರ್ಶನದಲ್ಲಿತ್ತು. ನೆಲ್ಸನ್ ಮಂಡೇಲಾ ಕೇಳಿ ವರ್ಷಗಳೇ ಕಳೆದ ಮೇಲೆ, ಫ್ರಾನ್ಸಿನ ಸಂಸತ್ತು ಪ್ರತ್ಯೇಕ ಕಾನೂನು ಮಾಡಿ 2002ರಲ್ಲಿ ಅವಶೇಷಗಳನ್ನು ಹಿಂತಿರುಗಿಸಿತು. ಆ ವರ್ಷದ ಆಗಸ್ಟ್ 9ರಂದು ದಕ್ಷಿಣ ಆಫ್ರಿಕಾದ ಹ್ಯಾಂಕಿ ಎಂಬ ಊರಿನಲ್ಲಿ ಮಣ್ಣು ಮಾಡಿದರು.

ಮುಂದೆ ಈ ದಂಧೆ ದೊಡ್ಡದಾಯಿತು. 1870ರ ದಶಕದಲ್ಲಿ ಹ್ಯಾಂಬರ್ಗಿನ ಪ್ರಾಣಿ ವ್ಯಾಪಾರಿ ಕಾರ್ಲ್ ಹಾಗೆನ್‌ಬೆಕ್ ಸುಡಾನಿನಿಂದ ಪ್ರಾಣಿಗಳ ಜೊತೆಗೆ ನ್ಯೂಬಿಯಾದ ಜನರನ್ನೂ ತರಿಸಿದ. 1897ರಲ್ಲಿ ಬೆಲ್ಜಿಯಂನ ದೊರೆ ಎರಡನೇ ಲಿಯೊಪೋಲ್ಡ್ ಕಾಂಗೋದಿಂದ 267 ಜನರನ್ನು ಕರೆಸಿ ಬ್ರಸೆಲ್ಸ್ ಬಳಿಯ ಟೆರ್ವುರೆನ್ನಿನ ಉದ್ಯಾನದಲ್ಲಿ ಗುಡಿಸಲು ಹಾಕಿಸಿದ. ನೋಡಲು ಬಂದವರು ಎಸೆದ ತಿಂಡಿಗಳಿಂದ ಕೆಲವರ ಹೊಟ್ಟೆ ಕೆಟ್ಟಾಗ, ಇವರಿಗೆ ಆಹಾರವನ್ನು ಪ್ರದರ್ಶನದ ಸಮಿತಿಯೇ ಕೊಡುತ್ತದೆ ಎಂಬ ಫಲಕ ತೂಗುಹಾಕಿದರು. ಅವರಲ್ಲಿ ಏಳು ಮಂದಿ ಅಲ್ಲಿಯೇ ಸತ್ತರು.

ಕಾಂಗೋದವನೇ ಆದ ಓಟಾ ಬೆಂಗಾನ ವಿಷಯದಲ್ಲಂತೂ ಒಪ್ಪಿಗೆಯ ಮಾತೆತ್ತುವುದೇ ಕಷ್ಟ. ಉಪ್ಪು ಬಟ್ಟೆ ಕೊಟ್ಟು ಕೊಂಡುತಂದೆನೆಂದು ಕರೆತಂದ ಸ್ಯಾಮ್ಯುಯೆಲ್ ವರ್ನರನೇ ಹೇಳಿಕೊಂಡಿದ್ದ. 1904ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ಜಾಗತಿಕ ಮೇಳದಲ್ಲಿ ತೋರಿಸಿದ ಅವನನ್ನು 1906ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದ ಕೋತಿಗಳ ಮನೆಯಲ್ಲಿ ಒರಾಂಗುಟಾನ್ ಜೊತೆ ಇಟ್ಟು, ಎತ್ತರ ತೂಕಗಳನ್ನು ಬರೆದ ಫಲಕ ಹಾಕಿದರು. ಬ್ರೂಕ್ಲಿನ್ನಿನಲ್ಲಿ ಕಪ್ಪು ಮಕ್ಕಳ ಅನಾಥಾಲಯ ನಡೆಸುತ್ತಿದ್ದ ಪಾದ್ರಿ ಜೇಮ್ಸ್ ಗಾರ್ಡನ್ ಮತ್ತು ಇತರ ಕಪ್ಪು ಪಾದ್ರಿಗಳು ಪ್ರತಿಭಟಿಸಿದರು. ನಗರದ ಮೇಯರ್ ಆ ಪಾದ್ರಿಗಳನ್ನು ಭೇಟಿಯಾಗಲೂ ಇಲ್ಲ. ಬೆಂಗಾನನ್ನು ಪಂಜರದಿಂದ ಹೊರಗೆ ತಿರುಗಾಡಲು ಬಿಟ್ಟಾಗ ಜನ ಗುಂಪುಗಟ್ಟಿ ಅಟ್ಟಿಸಿಕೊಂಡು ಹೋಗಿ ಕೆಣಕಿದರು. ‘ಆ ಕಾಲವೇ ಹಾಗಿತ್ತು’ ಎನ್ನುವವರು ಗಾರ್ಡನ್ ಕೂಡ ಅದೇ ಕಾಲದವನೆಂಬುದನ್ನು ಮರೆಯುತ್ತಾರೆ. ಕೊನೆಗೆ ಬೆಂಗಾ ಗಾರ್ಡನ್‌ನ ಆಶ್ರಯ ಸೇರಿ, ಆಮೇಲೆ ವರ್ಜೀನಿಯಾದ ಲಿಂಚ್‌ಬರ್ಗಿನಲ್ಲಿ ತಂಬಾಕಿನ ಕಾರ್ಖಾನೆಯಲ್ಲಿ ದುಡಿದ. ಊರಿಗೆ ಮರಳುವ ಆಸೆ ಮಹಾಯುದ್ಧದಿಂದಾಗಿ ಮುರಿದುಬಿತ್ತು; 1916ರ ಮಾರ್ಚ್‌ನಲ್ಲಿ ತನ್ನ ಜೀವವನ್ನು ತಾನೇ ತೆಗೆದುಕೊಂಡ. ಮೃಗಾಲಯವನ್ನು ನಡೆಸುವ ಸಂಸ್ಥೆ ಕ್ಷಮೆ ಕೋರಿದ್ದು 2020ರಲ್ಲಿ.

ಬಿಟ್ಟು ಹೋಗುವ ದಾರಿ ಇದ್ದವರು ಏನು ಮಾಡಿದರು ಎಂಬುದಕ್ಕೂ ಉದಾಹರಣೆಯಿದೆ. 1958ರ ಬ್ರಸೆಲ್ಸ್ ಜಾಗತಿಕ ಮೇಳದಲ್ಲಿ ಬಿದಿರಿನ ಬೇಲಿಯೊಳಗೆ ಕಾಂಗೋದ ‘ಹಳ್ಳಿ’ಯೊಂದನ್ನು ಕಟ್ಟಿ ಕುಶಲಕರ್ಮಿಗಳನ್ನು ಕೂರಿಸಿದ್ದರು. ಅವರು ಕೂಡ ಒಪ್ಪಿಯೇ ಬಂದವರು. ಬೇಲಿಯಾಚೆಯಿಂದ ಜನ ಚಿಲ್ಲರೆ ಹಣ, ಬಾಳೆಹಣ್ಣು ಎಸೆದು ಅಣಕಿಸತೊಡಗಿದಾಗ ಅವರು ದೂರು ಕೊಟ್ಟರು, ಮೇಳ ಅಕ್ಟೋಬರ್‌ವರೆಗೆ ನಡೆಯುವುದಿದ್ದರೂ ಜುಲೈನಲ್ಲಿಯೇ ಊರಿಗೆ ಹೊರಟುಹೋದರು. ಅವರು ಬಾರ್ಟ್‌ಮನ್‌ಗಿಂತ ಹೆಚ್ಚು ಸ್ವಾಭಿಮಾನಿಗಳಾಗಿದ್ದರೆಂದು ನಾನು ಭಾವಿಸುವುದಿಲ್ಲ. ಅವರು ಗುಂಪಾಗಿದ್ದರು, ಹಿಂತಿರುಗುವ ದಾರಿಯಿತ್ತು, ಮತ್ತು ಅವರ ದೇಶ ಸ್ವತಂತ್ರವಾಗಲು ಎರಡೇ ವರ್ಷ ಬಾಕಿಯಿತ್ತು.