ಅಂಗಡಿಗೆ ಬರುವವರೂ ಫೋನಿನಲ್ಲಿ ಕೇಳುವವರೂ ಒಂದೇ ಗಿರಾಕಿ

ಕಲಬುರಗಿಯಲ್ಲಿ ತೊಗರಿ ಬೇಳೆ, ಖಡಕ್ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ) ಮಾರುವ ಸಣ್ಣ ಅಂಗಡಿ ನಮ್ಮದು. ಆನ್‌ಲೈನ್ ವ್ಯಾಪಾರ ಬೇರೆ, ಅಂಗಡಿಯ ವ್ಯಾಪಾರ ಬೇರೆ ಎಂದು ಭಾವಿಸಿ, ಒಂದಕ್ಕೆ ಜಾಹೀರಾತಿಗೂ ಇನ್ನೊಂದಕ್ಕೆ ಬ್ಯಾನರಿಗೂ ಹಣ ಸುರಿಯುವ ಸಣ್ಣ ವ್ಯಾಪಾರಿಗಳನ್ನು ಕಂಡಾಗ ನನಗೆ ಕಳವಳವಾಗುತ್ತದೆ. ಬೆಳಿಗ್ಗೆ ಫೋನಿನಲ್ಲಿ ದರ ನೋಡಿದವರೇ ಸಂಜೆ ಅಂಗಡಿಯ ಮೆಟ್ಟಿಲು ಹತ್ತುತ್ತಾರೆ. ಇಲ್ಲಿ ಒಮ್ಮೆ ಬೇಳೆ ಒಯ್ದವರೇ ಬೆಂಗಳೂರಿಗೋ ಪುಣೆಗೋ ಮರಳಿದ ಮೇಲೆ ಪಾರ್ಸೆಲ್ ಕೇಳುತ್ತಾರೆ. ಇಬ್ಬರಿಗೂ ಮೊದಲು ಬೇಕಾದದ್ದು ನಂಬಬಹುದಾದ ಮಾಹಿತಿ.

ಆ ಮಾಹಿತಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಅಲಕ್ಷ್ಯಕ್ಕೆ ಒಳಗಾಗುವುದು ಅಂಗಡಿಯ ವೇಳೆ. ಗೂಗಲ್ ನಕ್ಷೆಯಲ್ಲಿ ಅಂಗಡಿಯ ವಿಳಾಸ, ವೇಳೆ ತೋರಿಸುವ ಗೂಗಲ್ ಬಿಸಿನೆಸ್ ಪ್ರೊಫೈಲ್ ತೆರೆಯಲು ದುಡ್ಡು ಕೊಡಬೇಕಿಲ್ಲ. ಬೋರ್ಡು, ರಸ್ತೆ ಮತ್ತು ಒಳಗಿನ ಸರಕನ್ನು ವಿಡಿಯೊದಲ್ಲಿ ತೋರಿಸಿ ಅಂಗಡಿ ನಮ್ಮದೇ ಎಂದು ಖಚಿತಪಡಿಸಬೇಕಾಗಬಹುದು, ಅಷ್ಟೆ. ಆದರೆ ಒಮ್ಮೆ ತೆರೆದು ಬಿಟ್ಟುಬಿಟ್ಟರೆ ಅದರಿಂದ ಹಾನಿಯೇ ಹೆಚ್ಚು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಮಧ್ಯಾಹ್ನ ಬಾಗಿಲು ಹಾಕಿ ಸಂಜೆ ತೆರೆಯುವ ಅಂಗಡಿಗಳು, ನಕ್ಷೆಯಲ್ಲಿ ಮಾತ್ರ ದಿನವಿಡೀ ತೆರೆದಿರುವಂತೆ ಕಾಣುತ್ತವೆ. ಊರಿನವರಿಗೆ ಇದು ಗೊತ್ತಿರುತ್ತದೆ. ಆದರೆ ಹೋಳಿಯ ನಂತರ ಶರಣಬಸವೇಶ್ವರ ಜಾತ್ರೆಗೆ ಬಂದವರು, ಬಂದೇನವಾಜ್ ದರ್ಗಾದ ಉರುಸಿಗೆ ಬಂದವರು, ಗಾಣಗಾಪುರದ ದತ್ತನ ದರ್ಶನ ಮುಗಿಸಿ ಕಲಬುರಗಿಗೆ ಬರುವ ಮಹಾರಾಷ್ಟ್ರದ ಭಕ್ತರು ದಾರಿ ಕೇಳುವುದು ಫೋನನ್ನೇ. ಅಂಥವರು ಆಟೊ ಮಾಡಿಕೊಂಡು ಬಂದು ಮುಚ್ಚಿದ ಬಾಗಿಲು ನೋಡಿ ಹೋದರೆ ಮತ್ತೆ ತಿರುಗಿ ಬರುವುದಿಲ್ಲ. ಬೇಸಿಗೆಯ ವೇಳೆ, ಹಬ್ಬದ ರಜೆ, ಜಾತ್ರೆಯ ದಿನಗಳ ವಿಶೇಷ ವೇಳೆ, ಇವನ್ನು ಆಯಾ ಕಾಲಕ್ಕೆ ಬದಲಿಸುವುದು ಕೆಲವೇ ನಿಮಿಷಗಳ ಕೆಲಸ.

ಎರಡನೆಯದು ದರ. ವಾಟ್ಸ್‌ಆ್ಯಪ್ ಬಿಸಿನೆಸ್‌ನ ಕ್ಯಾಟಲಾಗಿನಲ್ಲಿ ತೂಕ, ದರ, ಫೋಟೊ ಮೂರನ್ನೂ ಹಾಕಿ, ಪೇಟೆಯ ಧಾರಣೆ ಏರಿಳಿದಂತೆ ತಿದ್ದುತ್ತಿರಬೇಕು. ದರ ಬರೆಯದೆ ‘ಕರೆ ಮಾಡಿ’ ಎಂದಷ್ಟೇ ಹಾಕುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ದರ ಮುಚ್ಚಿಟ್ಟಿದ್ದಾರೆಂದರೆ ಹೆಚ್ಚು ಹೇಳುತ್ತಾರೆಂದೇ ಜನ ತಿಳಿಯುತ್ತಾರೆ. ಬೇಳೆಯ ಫೋಟೊವನ್ನು ಹಗಲಿನ ಬೆಳಕಿನಲ್ಲಿ, ಅಂಗೈ ಮೇಲೆ ಹಾಕಿಕೊಂಡು ತೆಗೆದರೆ ಕಾಳಿನ ಗಾತ್ರವೂ ಬಣ್ಣವೂ ಸರಿಯಾಗಿ ತಿಳಿಯುತ್ತವೆ. ಹೊಸ ಬೇಳೆ ಬಂದ ಸುದ್ದಿಯನ್ನು ಬ್ರಾಡ್‌ಕಾಸ್ಟ್ ಪಟ್ಟಿಯ ಮೂಲಕ ಒಮ್ಮೆಗೆ 256 ಜನರಿಗೆ ಕಳಿಸಬಹುದು, ಆದರೆ ನಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಆದ್ದರಿಂದ ಗಲ್ಲೆಯ ಬಳಿ ಯುಪಿಐ ಸ್ಕ್ಯಾನ್ ಮಾಡುವ ಹೊತ್ತಿನಲ್ಲೇ ನಂಬರ್ ಉಳಿಸಿಕೊಳ್ಳುವಂತೆ ಕೇಳಿಕೊಳ್ಳುವುದು ಒಳ್ಳೆಯದು. ಎಲ್ಲರಿಗೂ ದಿನಕ್ಕೊಂದು ಶುಭಾಶಯದ ಚಿತ್ರ ಕಳಿಸಿದರೆ ಬ್ಲಾಕ್ ಮಾಡುತ್ತಾರೆ. ಹೇಳಲು ಸರಕಿನ ಸುದ್ದಿ ಇದ್ದಾಗ ಮಾತ್ರ ಕಳಿಸಬೇಕು.

ಗುಲ್ಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ದೊರೆತದ್ದು ನಮ್ಮ ಭಾಗದ ವ್ಯಾಪಾರಿಗಳಿಗೆಲ್ಲ ದೊಡ್ಡ ಬಲ. ಹಾಗೆಂದು ಜಿಐ ಗುರುತನ್ನು ಯಾರು ಬೇಕಾದರೂ ಪೊಟ್ಟಣದ ಮೇಲೆ ಅಚ್ಚು ಹಾಕಿಸುವಂತಿಲ್ಲ, ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡಿರಬೇಕು. ಬೇಳೆ ಯಾವ ತಾಲ್ಲೂಕಿನದು, ಯಾವ ಹಂಗಾಮಿನದು ಎಂಬುದನ್ನು ನಿಜವಾಗಿ ಬರೆದರೂ ದೂರದ ಗಿರಾಕಿಗೆ ಭರವಸೆ ಹುಟ್ಟುತ್ತದೆ. ಪೊಟ್ಟಣದ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ, ತೂಕ, ಎಂಆರ್‌ಪಿ, ತಯಾರಿಕೆಯ ದಿನಾಂಕ ಇರಲೇಬೇಕು. ಹಿಂಡಿಯಂಥ ಪದಾರ್ಥಕ್ಕಂತೂ ದಿನಾಂಕವನ್ನೇ ಜನ ಮೊದಲು ನೋಡುತ್ತಾರೆ.

ರಿವ್ಯೂಗೆ ಪ್ರತಿಯಾಗಿ ರಿಯಾಯಿತಿ ಕೊಡುವುದು ಗೂಗಲ್‌ನ ನಿಯಮಕ್ಕೆ ವಿರುದ್ಧ. ಸಾಮಾನು ಚೆನ್ನಾಗಿತ್ತೆಂದು ತಾವಾಗಿ ಹೇಳಿದವರನ್ನು ಎರಡು ಸಾಲು ಬರೆಯಿರಿ ಎಂದು ಕೇಳಿದರೆ ಸಾಕು. ಕನ್ನಡದಲ್ಲಿ ಬರೆದವರಿಗೆ ಕನ್ನಡದಲ್ಲಿ, ಹಿಂದಿಯಲ್ಲಿ ಬರೆದವರಿಗೆ ಹಿಂದಿಯಲ್ಲಿ ಉತ್ತರಿಸಬೇಕು. ದೂರು ಬಂದಾಗ ವಾದಕ್ಕೆ ಇಳಿಯದೆ, ಬದಲಿ ಸಾಮಾನು ಯಾವಾಗ ಕಳಿಸುತ್ತೇವೆಂಬುದನ್ನು ಅಲ್ಲಿಯೇ ಬರೆಯಬೇಕು, ಏಕೆಂದರೆ ಆ ಉತ್ತರವನ್ನು ಮುಂದೆ ಬರುವ ಗಿರಾಕಿಗಳೂ ಓದುತ್ತಾರೆ.

ರೊಟ್ಟಿಯ ಪಾರ್ಸೆಲ್ ಬಗ್ಗೆ ಅಕ್ಕಪಕ್ಕದ ಅಂಗಡಿಯವರು ನನ್ನನ್ನು ಆಗಾಗ ಕೇಳುತ್ತಾರೆ. ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ಆದರೆ ದಾರಿಯಲ್ಲಿ ಮುರಿಯುತ್ತದೆ. ಗಟ್ಟಿ ರಟ್ಟಿನ ಪೆಟ್ಟಿಗೆಯಲ್ಲಿ ಅಲುಗಾಡದಂತೆ ಬಿಗಿಯಾಗಿ ಜೋಡಿಸಿ, ಖಾಲಿ ಜಾಗಕ್ಕೆ ಕಾಗದ ತುಂಬಿ, ಪೆಟ್ಟಿಗೆ ಮುಚ್ಚುವ ಮುನ್ನ ಫೋಟೊ ತೆಗೆದು ಗಿರಾಕಿಗೆ ಕಳಿಸಿ. ಪೆಟ್ಟಿಗೆಯೊಳಗೆ ಅಂಗಡಿಯ ವಿಳಾಸ, ವೇಳೆ ಮತ್ತು ವಾಟ್ಸ್‌ಆ್ಯಪ್ ನಂಬರ್ ಇರುವ ಚೀಟಿಯನ್ನೂ ಇಡಿ.