ಚೌಕಾಬಾರದಲ್ಲಿ ಎರಡೇ ಯಾಕೆ ಜಾಸ್ತಿ ಬೀಳುತ್ತದೆ?

ಏಪ್ರಿಲ್ ಬಂತೆಂದರೆ ಬೆಂಗಳೂರಿನಲ್ಲಿ ಕಂಬ ಕಂಬಕ್ಕೂ ಸಮ್ಮರ್ ಕ್ಯಾಂಪ್ ಬೋರ್ಡು. ಈಜು, ಕರಾಟೆ, ಕೀಬೋರ್ಡ್, ಅಬಾಕಸ್, ವೇದಿಕ್ ಮ್ಯಾಥ್ಸ್. ನಾನು ವರ್ಷವಿಡೀ ಶಾಲೆಯಲ್ಲಿ ಗಣಿತ ಪಾಠ ಮಾಡುವವಳು. ರಜೆಯಲ್ಲಿ ಬಸವನಗುಡಿ ಕಡೆಯ ಒಂದು ಶಿಬಿರದಲ್ಲಿ ನಾಲ್ಕರಿಂದ ಏಳನೇ ಕ್ಲಾಸಿನ ಮಕ್ಕಳಿಗೆ ಲೆಕ್ಕದ ಆಟ ಆಡಿಸುತ್ತೇನೆ. ಈ ಕೆಲಸದಲ್ಲಿ ನಾನು ಕಲಿತದ್ದು ಇಷ್ಟು: ಲೆಕ್ಕ ತಪ್ಪಿದರೆ ತನ್ನ ಕಾಯಿ ಹೋಗುತ್ತದೆ ಅನ್ನುವ ಜಾಗದಲ್ಲಿ ಮಗುವನ್ನು ಕೂರಿಸಬೇಕು. ಆಮೇಲೆ ನಾವು ಬಾಯಿ ಮುಚ್ಚಿಕೊಂಡಿರಬೇಕು. ಈ ಎರಡನೆಯದೇ ಕಷ್ಟ.

ವರ್ಕ್‌ಶೀಟಿನ ಮೂಲೆಯಲ್ಲಿ ಆನೆ ಚಿತ್ರ ಹಾಕಿ 'ಫನ್ ಮ್ಯಾಥ್ಸ್' ಅಂತ ಹೆಸರಿಟ್ಟರೆ ಮಕ್ಕಳು ಮರುಳಾಗುವುದಿಲ್ಲ. ಆನೆಗೆ ಬಣ್ಣ ಹಚ್ಚಿ, ಲೆಕ್ಕ ಬಿಟ್ಟು ಎದ್ದು ಹೋಗುತ್ತಾರೆ.

ನನ್ನ ನೆಚ್ಚಿನ ಆಟ ಚೌಕಾಬಾರ. ಸಾಮಾನು ಅಂದರೆ ಒಂದು ಸೀಮೆಸುಣ್ಣ, ಆಡುವವರಿಗೆ ಕಾಯಿ, ನಾಲ್ಕು ಹುಣಸೆ ಬೀಜ. ಬೀಜದ ಒಂದು ಬದಿಯನ್ನು ಒರಟು ಸಿಮೆಂಟ್ ನೆಲಕ್ಕೆ ಉಜ್ಜಿ ಬಿಳಿ ಮಾಡಬೇಕು. ಮೊದಲ ದಿನ ಬರೀ ಇದೇ ಕೆಲಸ. ಉಜ್ಜಿದ ಬೀಜ ಕಾದು ಸುಡುತ್ತದೆ, ಪಕ್ಕದವರ ಕೈಗೆ ಒತ್ತಿದರೆ ಕಿರುಚುತ್ತಾರೆ ಅನ್ನುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಪ್ರತಿ ಬ್ಯಾಚಿನವರೂ ತಾವೇ ಕಂಡುಹಿಡಿಯುತ್ತಾರೆ.

ಆಟ ಮರೆತವರಿಗೆ ಎರಡು ಮಾತು. ಐದಕ್ಕೆ ಐದು, ಒಟ್ಟು 25 ಮನೆ. ಬೀಜ ಎಸೆದಾಗ ಎಷ್ಟು ಬಿಳಿ ಮೇಲೆ ಬಿತ್ತೋ ಅಷ್ಟು ಗರ. ನಾಲ್ಕೂ ಬಿಳಿಯಾದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಕಪ್ಪಾದರೆ ಬಾರ, ಎಂಟು. ಚೌಕ ಬಾರ ಬಿದ್ದವರಿಗೆ ಇನ್ನೊಂದು ಸಲ ಎಸೆಯುವ ಅವಕಾಶ. ಕಾಯಿ ನಡುಮನೆ ಸೇರಿದರೆ ಹಣ್ಣು. ಉಳಿದ ನಿಯಮ ಮನೆಗೊಂದು ಥರ. ಅದಕ್ಕಾಗಿ ಜಗಳ ಆಡಲು ಅರ್ಧ ಗಂಟೆ ಬಿಟ್ಟುಬಿಡಿ.

ಆಟ ಶುರುವಾದ ಮೇಲೆ ನಾನು ಗಣಿತ ಅನ್ನುವ ಮಾತೇ ಎತ್ತುವುದಿಲ್ಲ. ಪಕ್ಕದಲ್ಲಿ ಕೂತು ಬಿದ್ದ ಗರಕ್ಕೆಲ್ಲ ಗೀಟು ಹಾಕುತ್ತೇನೆ. ನಾಲ್ಕು ಗೀಟು, ಐದನೆಯದು ಅಡ್ಡ. ಯಾರಾದರೊಬ್ಬರು ಬಗ್ಗಿ ನೋಡೇ ನೋಡುತ್ತಾರೆ. "ಮಿಸ್, ಎರಡೇ ಯಾಕೆ ಇಷ್ಟೊಂದು ಬಿದ್ದಿದೆ?" ಆ ಪ್ರಶ್ನೆ ಅವರಿಂದಲೇ ಬರಬೇಕು. ನಾನು ಕೇಳಿಬಿಟ್ಟರೆ ಅದು ಕ್ಲಾಸ್ ಆಗಿಬಿಡುತ್ತದೆ, ಮುಖಗಳು ಬಾಡುತ್ತವೆ.

ಉತ್ತರ ಹುಡುಕಲು ಎರಡು ಬೀಜ ಸಾಕು. ಎರಡೂ ಬಿಳಿ, ಎರಡೂ ಕಪ್ಪು, ಒಂದೊಂದು. "ಮೂರೇ ಬಗೆ ಮಿಸ್" ಅನ್ನುತ್ತಾರೆ. ಆಗ ಒಂದು ಬೀಜಕ್ಕೆ ಪೆನ್ನಿನಲ್ಲಿ ಚುಕ್ಕೆ ಇಡಿಸುತ್ತೇನೆ. ಚುಕ್ಕೆಯದ್ದು ಬಿಳಿ ಬಿದ್ದು ಇನ್ನೊಂದು ಕಪ್ಪು ಬೀಳುವುದು ಒಂದು ಬಗೆ, ಉಲ್ಟಾ ಬೀಳುವುದು ಬೇರೆ ಬಗೆ. ಹಾಗಾಗಿ ನಾಲ್ಕು. "ಎರಡೂ ಒಂದೇ ಅಲ್ವಾ?" ಅಂತ ವಾದ ನಡೆಯುತ್ತದೆ. ನಡೆಯಲಿ. ಫ್ರಾನ್ಸಿನ ಡಾಲಂಬೇರ್‌ನಂಥ ದೊಡ್ಡ ಗಣಿತಜ್ಞನೇ 1754ರಲ್ಲಿ ನಾಣ್ಯ ಚಿಮ್ಮುವ ಲೆಕ್ಕದಲ್ಲಿ, ಸಮವಲ್ಲದ ಮೂರು ಬಗೆಗಳನ್ನು ಸಮ ಅಂದುಕೊಂಡು ಎಡವಿದ್ದ. ಐದನೇ ಕ್ಲಾಸಿನವರು ಒಂದು ಮಧ್ಯಾಹ್ನ ತಗೊಂಡರೆ ತಪ್ಪೇನು?

ಮೂರು ಬೀಜಕ್ಕೆ ಎಂಟು ಬಗೆ. ಹೈಸ್ಕೂಲಿನ ಅಕ್ಕನೋ ಅಣ್ಣನೋ ಜೊತೆಗಿದ್ದರೆ ಥಟ್ಟನೆ ಹೇಳುತ್ತಾರೆ. ಛಂದಸ್ಸಿನಲ್ಲಿ ಮೂರು ಅಕ್ಷರಕ್ಕೊಂದು ಗಣ, ಅಂಥ ಅಕ್ಷರಗಣ ಎಂಟೇ ಅಲ್ವಾ? ಅಲ್ಲಿ ಲಘು ಗುರು, ಇಲ್ಲಿ ಬಿಳಿ ಕಪ್ಪು. ನಾಲ್ಕು ಬೀಜಕ್ಕೆ 16. ಅದರಲ್ಲಿ ಒಂದು ಬೀಳುವುದು ನಾಲ್ಕು ಬಗೆಯಲ್ಲಿ, ಎರಡು ಆರರಲ್ಲಿ, ಮೂರು ಮತ್ತೆ ನಾಲ್ಕರಲ್ಲಿ. ಚೌಕಕ್ಕೂ ಬಾರಕ್ಕೂ ಒಂದೊಂದೇ. ಈ 1, 4, 6, 4, 1 ಸಾಲು ಹಳೆಯ ಛಂದಸ್ಸಿನವರ ಮೇರು ಪ್ರಸ್ತಾರ ಅನ್ನುವ ಸಂಖ್ಯೆಗಳ ತ್ರಿಕೋನದಲ್ಲಿದೆ. ಹತ್ತನೇ ಶತಮಾನದ ಛಂದಸ್ಸಿನ ವಿದ್ವಾಂಸ ಹಲಾಯುಧ ಅದನ್ನು ವಿವರಿಸಿದ್ದಾನೆ.

ಆದರೆ ಇದೆಲ್ಲ ಬೀಜ ಎರಡೂ ಕಡೆ ಸಮವಾಗಿ ಬಿದ್ದರೆ ಮಾತ್ರ. ಹುಣಸೆ ಬೀಜ ಉಜ್ಜಿದ ಬದಿ ಚಪ್ಪಟೆ, ಇನ್ನೊಂದು ಬದಿ ಉಬ್ಬು. ಒಂದು ಗುಂಪಿಗೆ ಬಾರ ಮೇಲಿಂದ ಮೇಲೆ ಬೀಳುತ್ತದೆ, ಇನ್ನೊಂದು ಗುಂಪಿಗೆ ಬೀಳುವುದೇ ಇಲ್ಲ. "ಅವರ ಬೀಜ ಮೋಸ ಮಿಸ್!" ನನ್ನ ಮಟ್ಟಿಗೆ ಇಡೀ ಶಿಬಿರದಲ್ಲಿ ಅದಕ್ಕಿಂತ ಒಳ್ಳೆಯ ದಿನ ಇಲ್ಲ. ಮೋಸ ಅಂತ ಹೇಗೆ ತೋರಿಸ್ತೀರಿ? ನೂರು ಸಲ ಎಸೆದು ಬರೆದುಕೊಳ್ಳಿ. ಹದಿನಾರರಲ್ಲಿ ಒಂದು ಅಂದರೆ ನೂರಕ್ಕೆ ಆರು ಚಿಲ್ಲರೆ. ಇಪ್ಪತ್ತು ಬಾರ ಬಂದರೆ ಬೀಜದ ಮೇಲೆ ಅನುಮಾನ ಪಡಬಹುದು. ಎಂಟು ಬಂದರೆ? ಆಗ ಸುಮ್ನೆ ಆಟ ಮುಂದುವರಿಸಬೇಕು. ಇದನ್ನು ಒಪ್ಪಿಸುವುದು ದೊಡ್ಡವರಿಗೂ ಕಷ್ಟ, ಬಿಡಿ.

ಒಮ್ಮೆ ಐದನೇ ಕ್ಲಾಸ್ ಮುಗಿಸಿದ ಹುಡುಗಿಯೊಬ್ಬಳು ಕಾಯಿ ಹಿಡಿದು ಎಷ್ಟು ಹೊತ್ತಾದರೂ ಇಡಲಿಲ್ಲ. ಜೊತೆಯವರು "ಬೇಗ ಇಡೇ" ಅಂತ ರೇಗುತ್ತಿದ್ದರು. ಅವಳ ಬೆರಳು ಹಿಂದಿದ್ದ ಎದುರಾಳಿಯ ಕಾಯಿಯಿಂದ ಒಂದೊಂದೇ ಮನೆ ಎಣಿಸಿತು. "ಇಲ್ಲಿಟ್ರೆ ಅವನಿಗೆ ಎರಡು ಬಿದ್ರೆ ಸಾಕು, ಕಡಿತಾನೆ. ಈ ಕಾಯಿ ನಡೆಸಿದ್ರೆ ಅವನಿಂದ ಐದು ಮನೆ ದೂರ. ಐದು ಅನ್ನೋ ಗರಾನೇ ಇಲ್ಲ." ನಿಜ. ಐದಾಗಬೇಕಾದರೆ ಅವನಿಗೆ ಚೌಕ ಬಿದ್ದು ಮೇಲೆ ಒಂದು ಬೀಳಬೇಕು. ಸಂಭವನೀಯತೆ ಅನ್ನುವ ಪದ ಅವಳ ಪುಸ್ತಕಕ್ಕೆ ಬರುವುದಕ್ಕೆ ಇನ್ನೂ ಹೊತ್ತಿದೆ. ನಾನು ಆ ಪದ ಹೇಳಲೂ ಇಲ್ಲ.

ಲೂಡೋ ಆಡಿಸಬಾರದಾ ಅಂತ ಕೇಳುತ್ತಾರೆ. ಆಡಿಸಿ. ಆದರೆ ದಾಳದ ಆರೂ ಮುಖ ಸಮ, ಎರಡೇ ಯಾಕೆ ಜಾಸ್ತಿ ಅಂತ ಕೇಳುವುದಕ್ಕೆ ಅಲ್ಲಿ ಏನೂ ಇಲ್ಲ. ಮೊಬೈಲಿನ ಲೂಡೋ ಅಂತೂ ಮನೆ ಎಣಿಸುವ ಕೆಲಸವನ್ನೂ ತಾನೇ ಮಾಡಿಬಿಡುತ್ತದೆ.

ಪೋಷಕರ ತಕರಾರು ಇದ್ದೇ ಇರುತ್ತದೆ. "ಮೇಡಂ, ಫೀಸು ಕಟ್ಟಿ ಚೌಕಾಬಾರ ಆಡೋಕೆ ಕಳಿಸಬೇಕಾ? ಮನೇಲಿ ಅಜ್ಜಿನೇ ಆಡಿಸ್ತಾರಲ್ಲ." ಅಜ್ಜಿ ಆಡಿಸುತ್ತಾರೆ ಅಂದರೆ ಖಂಡಿತ ಕಳಿಸಬೇಡಿ ಅನ್ನುತ್ತೇನೆ. ಇನ್ನು ಕೆಲವರಿಗೆ ವೇಗ ಬೇಕು. ಶಕುಂತಲಾ ದೇವಿಯವರ ಹೆಸರು ತೆಗೆಯುತ್ತಾರೆ. ಬೆಂಗಳೂರಿನಲ್ಲೇ ಹುಟ್ಟಿದವರು, 1980ರಲ್ಲಿ ಲಂಡನ್ನಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದರು. ಅದು ಅವರ ಪ್ರತಿಭೆ, ಕೈ ಮುಗಿಯೋಣ. ನಮ್ಮ ಮಗುವಿನ ಮುಂದೆ ಸ್ಟಾಪ್‌ವಾಚ್ ಹಿಡಿದರೆ ಅದು ಯೋಚಿಸುವುದು ಬಿಟ್ಟು ನಮ್ಮ ಮುಖ ನೋಡುತ್ತದೆ.

ಶಿಬಿರಕ್ಕೆ ಕಳಿಸಲಾಗದವರು ಮನೆಯಲ್ಲಿ ಮಾವಿನಹಣ್ಣಿನ ಲೆಕ್ಕ ಮಾಡಿಸಿ. ಅಡುಗೆಮನೆಯ ತೂಕದ ಯಂತ್ರ ಸಾಕು. ಮೊದಲು ಇಡೀ ಹಣ್ಣು ತೂಗಿ. ತಿಂದ ಮೇಲೆ ಸಿಪ್ಪೆ, ವಾಟೆ ತೂಗಿ. ಹಣ್ಣು 250 ಗ್ರಾಂ, ಸಿಪ್ಪೆ ವಾಟೆ ಸೇರಿ 80 ಅಂದುಕೊಳ್ಳಿ. ಹೊಟ್ಟೆಗೆ ಹೋದದ್ದು 170, ನೂರಕ್ಕೆ 68. ಕಿಲೋಗೆ 150 ಕೊಟ್ಟಿದ್ದರೆ ತಿರುಳಿನ ಲೆಕ್ಕದಲ್ಲಿ ಕಿಲೋಗೆ 220 ಚಿಲ್ಲರೆ ಬಿತ್ತು. ಬಾದಾಮಿ, ರಸಪುರಿ, ಮಲ್ಲಿಕಾ ಮೂರನ್ನೂ ಹೀಗೆ ತೂಗಿಸಿ, ಯಾವುದು ಲಾಭ ಅಂತ ಮಕ್ಕಳೇ ಹೇಳಲಿ. ವಾಟೆಯನ್ನು ಚೆನ್ನಾಗಿ ಚೀಪಿದವರಿಗೆ ಲಾಭ ಜಾಸ್ತಿ ಬರುತ್ತದೆ, ಅದನ್ನೂ ಅವರೇ ಹೇಳುತ್ತಾರೆ. ಯಂತ್ರದ ಮೇಲೆ ಒಂದು ಪ್ಲಾಸ್ಟಿಕ್ ಹಾಳೆ ಹಾಕುವುದನ್ನು ಮರೆಯಬೇಡಿ, ಇಲ್ಲದಿದ್ದರೆ ರಾತ್ರಿಗೆ ಇರುವೆ ಸಾಲು ಬಂದಿರುತ್ತದೆ.